ಕಂತ್ರಿ ಅಂದ್ರೆ ಏನಪ್ಪಾ ಅಂದೆಯಲ್ಲ

ದಾವಣಗೆರೆ
ಭಾನುವಾರ ಮಧ್ಯಾಹ್ನ

ಪುಟ್ಟೀ,

ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಕೊಟ್ಟ ಉತ್ತರ ನನಗೇ ಸರಿಬರಲಿಲ್ಲ. "ಕಂತ್ರಿ ಅಂದ್ರೆ ನಿಜವಾಗ್ಲೂ ಏನಪ್ಪಾ?" ಅಂದೆ. "ಬೈಗುಳ ಕಣವ್ವ, ಬಿಡು. ಆ ಓನರ್ ಮಾತಿಗೆಲ್ಲ ಯಾಕೆ ತಲೆ ಕೆಡಿಸ್ಕೊಂತಿ" ಅಂದುಬಿಟ್ಟೆ. ಫೋನ್ ಇಟ್ಟ ಮೇಲೆ ನಿದ್ದೆ ಹತ್ತಲಿಲ್ಲ. ಮೂವತ್ತೆರಡು ವರ್ಷ ಊರವರ ಕಾಗದ ಮುಟ್ಟಿಸಿದವನು ಮಗಳಿಗೆ ಒಂದು ಶಬ್ದದ ಅರ್ಥ ಮುಟ್ಟಿಸಲಾರದೆ, "ವಿಳಾಸದಾರರು ಸಿಗಲಿಲ್ಲ" ಅಂತ ಷರಾ ಬರೆದು ವಾಪಸ್ ಕಳಿಸಿದ ಹಾಗಾಯಿತು. ಅದಕ್ಕೇ ಬರೆಯುತ್ತಿದ್ದೇನೆ. ವಾಟ್ಸಾಪಿನಲ್ಲಿ ಹಾಕಿದರೆ ಹೆಬ್ಬೆರಳ ಚಿತ್ರ ಕಳಿಸಿ ಮುಗಿಸಿಬಿಡುತ್ತೀಯ. ಕಾಗದ ಅಂದರೆ ಕೂತು ಓದಲೇಬೇಕು.

ನಿನ್ನ ಮನೆ ಓನರ್ ಹೇಳಿದ ಮಾತನ್ನು ಇನ್ನೊಂದು ಸಲ ನೋಡು. "ಜಾತಿ ನಾಯಿ ಆದ್ರೆ ಇಟ್ಕೊಳ್ಳಿ, ಕಂತ್ರಿ ನಾಯಿ ಆದ್ರೆ ಬೇಡ." ನಾಯಿ ಬೇಡ ಅಂದಿದ್ದರೆ ಅದು ಬೇರೆ ಮಾತು. ಕೆಲವರಿಗೆ ಭಯ, ಕೆಲವರಿಗೆ ಅಸಹ್ಯ, ಕೆಲವರಿಗೆ ಗೋಡೆ ಗಲೀಜಾಗುತ್ತದೆ ಅನ್ನೋ ಚಿಂತೆ. ಆಯಪ್ಪನಿಗೆ ನಾಯಿ ಬೇಡ ಅಂತಿಲ್ಲ, ಎರಡನೇ ಶಬ್ದ ಬೇಡ. ನಿನ್ನ ನಾಯಿಮರಿ 'ಬೆಲ್ಲ'ದ ಫೋಟೊ ನೋಡಿದೆ. ಅಂಗೈಯಗಲದ ಮುಖ, ಕಪ್ಪು ಮೂತಿ, ಮಡಿಚಿದ ಕಿವಿ. ಅದರಲ್ಲಿ ಓನರಿಗೆ ಕಂಡಿದ್ದು ಆ ಶಬ್ದ ಮಾತ್ರ.

ಈ ಶಬ್ದದ ಹುಟ್ಟು ನನಗೆ ಗೊತ್ತಾಗಿದ್ದು ನಾನು ಕಾಗದ ಹಂಚುತ್ತಿದ್ದ ಬೀಟಿನಲ್ಲಿದ್ದ ಒಬ್ಬ ಕಾಲೇಜು ಮೇಷ್ಟ್ರಿಂದ. ಪಿ.ಜೆ. ಬಡಾವಣೆಯಲ್ಲಿ ಮನೆ. ದಿನಾ ಒಂದಲ್ಲ ಒಂದು ಪತ್ರಿಕೆ ಅಂಚೆಯಲ್ಲಿ ಬರುತ್ತಿತ್ತು, ದಿನಾ ಒಂದು ಲೋಟ ಮಜ್ಜಿಗೆ ಕೊಡುತ್ತಿದ್ದರು. ಒಂದು ದಿನ ಗೇಟಿನ ಹತ್ತಿರ ನಾಯಿಯನ್ನು ಗದರಿಸಿ "ಕಂತ್ರಿ ನಾಯಿ ಸರ್, ಬಿಟ್ರೆ ಒಳಗೇ ಬರುತ್ತೆ" ಅಂದೆ. ಅವರು ನಕ್ಕು, "ಅದು ಇಂಗ್ಲಿಷ್ ಶಬ್ದ ಅಂತ ಗೊತ್ತೇನಯ್ಯಾ?" ಅಂದರು. ನನಗೆ ನಂಬಿಕೆ ಬರಲಿಲ್ಲ. ಅಷ್ಟು ಅಚ್ಚ ಬೈಗುಳ, ನಮ್ಮ ಸಂತೆಯಲ್ಲೇ ಹುಟ್ಟಿದ ಹಾಗಿದೆ, ಅದು ಹೇಗೆ ಇಂಗ್ಲಿಷ್ ಆಗುತ್ತೆ?

ಕಂಟ್ರಿ. ಅಷ್ಟೇ. ಹಾಸ್ಪಿಟಲ್ ನಮ್ಮ ಬಾಯಲ್ಲಿ ಆಸ್ಪತ್ರೆ ಆಯಿತು, ಲ್ಯಾಂಟರ್ನ್ ಲಾಂದ್ರ ಆಯಿತು, ಹಾಗೇ ಕಂಟ್ರಿ ಸವೆದು ಕಂತ್ರಿ. ಇಲ್ಲಿದ್ದ ಇಂಗ್ಲಿಷರು ತಮ್ಮ ಸೀಮೆಯಿಂದ ಹಡಗಿನಲ್ಲಿ ಬಂದದ್ದನ್ನೂ ಇಲ್ಲಿಯದನ್ನೂ ಬೇರೆ ಮಾಡಿ ಹೇಳಲು ಇಲ್ಲಿಯದಕ್ಕೆಲ್ಲ ಮುಂದೆ ಕಂಟ್ರಿ ಅಂತ ಸೇರಿಸುತ್ತಿದ್ದರಂತೆ. ಕಂಟ್ರಿ ಸಾರಾಯಿ, ಕಂಟ್ರಿ ಹೆಂಚು, ಕಂಟ್ರಿ ದೋಣಿ, ಕಂಟ್ರಿ ಪಿಸ್ತೂಲು. ಅವರ ಬಂಗಲೆಯ ಜೂಲುನಾಯಿ ಡಾಗ್, ನಮ್ಮ ಕಣದಲ್ಲಿ ಮಲಗಿದ್ದು ಕಂಟ್ರಿ ಡಾಗ್. 1886ರಲ್ಲಿ ಯೂಲ್ ಮತ್ತು ಬರ್ನೆಲ್ ಅನ್ನೋ ಇಬ್ಬರು, ಇಲ್ಲಿನ ಇಂಗ್ಲಿಷರು ಆಡುತ್ತಿದ್ದ ಮಾತಿಗೆ ಒಂದು ನಿಘಂಟು ಮಾಡಿದರು. ಅದರಲ್ಲಿ ಈ ಕಂಟ್ರಿಗೂ ಜಾಗ ಇದೆ. ಇಂಡಿಯಾದಲ್ಲಿ ಆದ ಸಾಮಾನಿಗೆ ಹೇಳುವ ಮಾತು, ಸಾಮಾನ್ಯವಾಗಿ ಸ್ವಲ್ಪ ತುಚ್ಛಭಾವ ಅದರೊಳಗೆ ಇರುತ್ತದೆ ಅಂತ ಅವರೇ ಬರೆದಿದ್ದಾರೆ. ಬೈದವರೇ ಒಪ್ಪಿಕೊಂಡ ಮೇಲೆ ಬೇರೆ ಸಾಕ್ಷಿ ಯಾಕೆ?

ಮೇಷ್ಟ್ರು ಅಷ್ಟಕ್ಕೇ ಬಿಡಲಿಲ್ಲ. "ಈಗ ಅದನ್ನ ಕನ್ನಡಕ್ಕೆ ಅನುವಾದ ಮಾಡು ನೋಡೋಣ" ಅಂದರು. ಕಂಟ್ರಿ ಅಂದರೆ ನಾಡು. ಕಂಟ್ರಿ ಹೆಂಚು ನಾಡ ಹೆಂಚು. ಕಂಟ್ರಿ ದೋಣಿ ನಾಡದೋಣಿ. ಪೇಪರಿನವರು ಈಗಲೂ ನಾಡ ಬಂದೂಕು ಅಂತಲೇ ಬರೆಯುತ್ತಾರೆ. ಹಾಗಾದರೆ ಕಂತ್ರಿ ನಾಯಿ? ನಾಡ ನಾಯಿ! ನಾಡಗೀತೆಯ ನಾಡು, ನಾಡಹಬ್ಬದ ನಾಡು. ನವೆಂಬರ್ ಒಂದನೇ ತಾರೀಕು ಮೈಕಿನಲ್ಲಿ ಗಂಟಲು ಹರಿಯುವ ಹಾಗೆ ಕೂಗುತ್ತಾರಲ್ಲ, ಅದೇ ನಾಡು. ಒಂದೇ ಮಾತು ಕನ್ನಡದಲ್ಲಿ ಹೇಳಿದರೆ ಎದೆ ಉಬ್ಬುತ್ತೆ, ಇಂಗ್ಲಿಷಿನಲ್ಲಿ ಹೇಳಿದರೆ ಓನರ್ ಗೇಟು ಹಾಕುತ್ತಾನೆ. ಆವತ್ತು ಮಜ್ಜಿಗೆ ಕುಡಿಯೋದನ್ನೇ ಮರೆತು ನಿಂತಿದ್ದೆ.

ಇನ್ನೊಂದು ವಿಚಿತ್ರ ನೋಡು. ಕೋಳಿ ಅಂಗಡಿಗೆ ಹೋಗು, ನಾಟಿ ಕೋಳಿ ಅಂದರೆ ಫಾರಂ ಕೋಳಿಗಿಂತ ಜಾಸ್ತಿ ರೇಟು. ನಮ್ಮ ಕಡೆ ಜವಾರಿ ಬದನೆಕಾಯಿ, ಜವಾರಿ ಸೌತೆಕಾಯಿ ಅಂದರೆ ನಿಮ್ಮಮ್ಮ ಚೀಲದ ಬಾಯಿ ತೆಗೆದುಕೊಂಡೇ ಓಡುತ್ತಾಳೆ. ದೇಸಿ ಹಸುವಿನ ತುಪ್ಪ ಅಂತ ಬೋರ್ಡ್ ಹಾಕಿದರೆ ದುಡ್ಡು ಎರಡು ಪಟ್ಟು. ಕೋಳಿ, ಹಸು, ಬದನೆಕಾಯಿಗೆಲ್ಲ ಊರಿನದು ಅಂದರೆ ಹೆಚ್ಚುಗಾರಿಕೆ. ನಾಯಿಗೆ ಮಾತ್ರ ಕಂತ್ರಿ. ನನಗನಿಸುವುದು, ತಿನ್ನುವ ಪ್ರಾಣಿಯಾಗಿದ್ದರೆ ನಾಯಿಗೂ ಒಳ್ಳೆ ಹೆಸರು ಸಿಗುತ್ತಿತ್ತೇನೋ. ಇದನ್ನು ಓದಿ ಹೇಳಿದ್ದಕ್ಕೆ ನಿಮ್ಮಮ್ಮ "ಥೂ, ಮಗಳಿಗೆ ಬರೆಯೋ ಮಾತಾ ಇದು" ಅಂದಳು. ಆದರೂ ಬರೆದಿದ್ದೇನೆ.

ಆಮೇಲೆ ಈ ಶಬ್ದ ನಾಯಿಯನ್ನು ಬಿಟ್ಟು ಮನುಷ್ಯನ ಬೆನ್ನು ಹತ್ತಿತು. ಕಂತ್ರಿ ನಾಯಿ ಅಂದರೆ ತಳಿ ಗೊತ್ತಿಲ್ಲದ್ದು ಅಂತ. ಕಂತ್ರಿ ಬುದ್ಧಿ ಅಂದರೆ? ಮೋಸದ ಬುದ್ಧಿ. ಕಂತ್ರಿ ಕೆಲಸ ಅಂದರೆ ಬೆನ್ನ ಹಿಂದೆ ಮಾಡೋ ಕೆಲಸ. ತಳಿ ಗೊತ್ತಿಲ್ಲ ಅನ್ನೋದಕ್ಕೂ ಮೋಸಕ್ಕೂ ಏನು ಸಂಬಂಧ? ನನ್ನ ಲೆಕ್ಕದಲ್ಲಿ ಇದು ಶಬ್ದದ ಸಹವಾಸ ದೋಷ. ಕುತಂತ್ರಿ ಅನ್ನೋ ಮಾತು ಪಕ್ಕದಲ್ಲೇ ಇತ್ತು, ಎರಡೂ ಕಿವಿಗೆ ಒಂದೇ ಥರ ಬಿದ್ದವು, ಅದರ ಬಣ್ಣ ಇದಕ್ಕೆ ಹತ್ತಿತು. ಚುನಾವಣೆ ಬಂದಾಗ ಕಟ್ಟೆ ಮೇಲೆ ಕೂತವರು ಮಂತ್ರಿಗೂ ಇದೇ ಪ್ರಾಸ ಕಟ್ಟುತ್ತಾರೆ. ಪಾಪದ ನಾಯಿ. ಮೋಸ ಮಾಡಲಿಕ್ಕೆ ಬಾರದ ಪ್ರಾಣಿಯ ಹೆಸರಿನಲ್ಲಿ ಮೋಸಗಾರರನ್ನು ಬೈಯುತ್ತೇವೆ.

ಈಗ ನಾನು ನಿನಗೆ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ನನ್ನ ಬೀಟಿನಲ್ಲಿ ಒಂದು ನಾಯಿ ಇತ್ತು. ನಿನಗೆ ಅರೆಬರೆ ನೆನಪಿರಬಹುದು. 1997ರ ಜೂನಿನಲ್ಲಿ ಮಂಡಿಪೇಟೆಯ ಒಂದು ಮಂಡಕ್ಕಿ ಮೆಣಸಿನಕಾಯಿ ಗಾಡಿಯ ಕೆಳಗೆ ಸಿಕ್ಕಿದ್ದು. ಕಂದು ಮೈ, ಬಾಲದ ತುದಿ ಮಾತ್ರ ಸುಣ್ಣದಲ್ಲಿ ಅದ್ದಿದ ಹಾಗೆ ಬೆಳ್ಳಗೆ. ಅರ್ಧ ಮೆಣಸಿನಕಾಯಿ ಬಜ್ಜಿಯ ಹಿಟ್ಟು ಹಾಕಿದೆ, ಸೈಕಲ್ ಹಿಂದೆ ಬಂದುಬಿಟ್ಟ. ಎರಡು ತಿಂಗಳಾದ ಮೇಲೆ ಆಗಸ್ಟ್ 15ಕ್ಕೆ ನಮ್ಮ ದಾವಣಗೆರೆ ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆ ಆಯಿತು. ಜಿಲ್ಲೆಗಿಂತ ಅವನು ಎರಡು ತಿಂಗಳು ಹಿರಿಯ. ಆಮೇಲೂ ಎಷ್ಟೋ ವರ್ಷ ಕಾಗದಗಳು "ದಾವಣಗೆರೆ, ಚಿತ್ರದುರ್ಗ ಜಿಲ್ಲೆ" ಅಂತಲೇ ಬರುತ್ತಿದ್ದವು. ಹಳೇ ವಿಳಾಸ ಬಿಡಲಾರದ ಜನ.

ಅವನಿಗೆ ನಾನು ಹೆಸರು ಇಡಲಿಲ್ಲ. "ಏ ಕಂತ್ರಿ, ಸರಿ ಅತ್ಲಾಗೆ" ಅಂತ ಗದರಿಸುತ್ತಿದ್ದೆ. ಅದನ್ನೇ ಅವನು ಹೆಸರು ಅಂದುಕೊಂಡ. ಕಂತ್ರಿ ಅಂದರೆ ಸಾಕು, ಎಲ್ಲಿದ್ದರೂ ಕಿವಿ ನೆಟ್ಟಗಾಗುತ್ತಿತ್ತು. ಮಂಡಿಪೇಟೆ, ಚೌಕಿಪೇಟೆ, ಕಾಳಿಕಾದೇವಿ ರಸ್ತೆ ಸುತ್ತಿ, ಅಶೋಕ ರಸ್ತೆಯ ರೈಲ್ವೆ ಗೇಟು ಹಾಕಿದ್ದರೆ ನನ್ನ ಜತೆ ಅವನೂ ರೈಲು ಹೋಗುವ ತನಕ ಕಾಯುತ್ತಿದ್ದ. ನಾನು ಮನೆ ಮುಂದೆ ಬೆಲ್ ಹೊಡೆದರೆ ಅವನು ಒಮ್ಮೆ ಬೊಗಳುತ್ತಿದ್ದ. ಎಷ್ಟೋ ಮನೆಯವರು ನನ್ನ ಬೆಲ್ಲಿಗಿಂತ ಅವನ ದನಿಗೆ ಹೊರಗೆ ಬರುತ್ತಿದ್ದರು. ಮೂರು ವರ್ಷದ ನೀನು ಒತ್ತಕ್ಷರ ತಿರುಗದೆ "ಕಂತೀ, ಕಂತೀ" ಅಂತ ಕರೆಯುತ್ತಿದ್ದೆ. ಅದಕ್ಕೂ ಬರುತ್ತಿದ್ದ.

ಒಂದು ದಿನ ಒಂದು ಮನೆಯಲ್ಲಿ ಮನಿ ಆರ್ಡರ್ ವಿಷಯಕ್ಕೆ ಜಗಳ ಆಯಿತು. ಮುಂಬಯಿಯಿಂದ ತಮ್ಮ ಕಳಿಸಿದ ದುಡ್ಡು ಕೈಸೇರಿಲ್ಲ, ನಾನೇ ನುಂಗಿದ್ದೇನೆ ಅಂತ ಮನೆ ಯಜಮಾನ ಬೀದಿಯಲ್ಲಿ ನಿಂತು ಕೂಗಾಡಿದ. ಹಿಂದಿನ ವಾರವೇ ಅವನ ಅಪ್ಪ ಹೆಬ್ಬೆಟ್ಟು ಒತ್ತಿ ದುಡ್ಡು ತಗೊಂಡು ಮಗನಿಗೆ ಹೇಳದೆ ಸೊಂಟದ ಚೀಲದಲ್ಲಿ ಇಟ್ಟುಕೊಂಡಿದ್ದ. ಅದು ಗೊತ್ತಾಗಿದ್ದು ಆಮೇಲೆ. ಆ ಹೊತ್ತಿಗೆ ಹತ್ತಿಪ್ಪತ್ತು ಜನ ಸೇರಿದ್ದರು. ಅವನು ನನ್ನ ಮುಖಕ್ಕೆ ಬೆರಳು ತೋರಿಸಿ, "ನೀನೊಬ್ಬ ಕಂತ್ರಿ!" ಅಂದ.

ಎದುರು ಜಗಲಿಯ ನೆರಳಲ್ಲಿ ಮಲಗಿದ್ದವನು ಎದ್ದು ಬಂದ. ಹೆಸರು ಹಿಡಿದು ಕರೆದರಲ್ಲ. ನೇರ ಆ ಯಜಮಾನನ ಕಾಲ ಹತ್ತಿರ ಹೋಗಿ ಕೂತು ಅವನ ಮುಖ ನೋಡುತ್ತಾ ಬಾಲ ಅಲ್ಲಾಡಿಸಿದ. ಆಯಪ್ಪ ಸಿಟ್ಟಿನಲ್ಲಿ ಇನ್ನೊಂದು ಸಲ "ಕಂತ್ರಿ, ಕಂತ್ರಿ!" ಅಂದ. ಬಾಲ ಇನ್ನೂ ಜೋರಾಯಿತು. ಜನ ನಕ್ಕರು. ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಖಾಕಿ ಅಂಗಿ ಹಾಕಿಕೊಂಡು ಇಷ್ಟು ವರ್ಷ ಯಾರ ಒಂದು ಪೈಸೆ ಮುಟ್ಟದವನು ಆ ಒಂದು ಶಬ್ದದ ಕೆಳಗೆ ನಿಂತಿದ್ದೆ. ಅದೇ ಶಬ್ದವನ್ನು ನಾನು ದಿನಕ್ಕೆ ಐವತ್ತು ಸಲ ಇವನ ಮೇಲೆ ಎಸೆಯುತ್ತಿದ್ದೆ, ಇವನು ಅದನ್ನು ಎತ್ತಿಕೊಂಡು ಕೊರಳಿಗೆ ಕಟ್ಟಿಕೊಂಡಿದ್ದ.

ಮಾರನೇ ದಿನ ಹೆಸರು ಬದಲಾಯಿಸಲು ನೋಡಿದೆ. ರಾಜ ಅಂತ ಕರೆದೆ. ತಿರುಗಿ ನೋಡಲಿಲ್ಲ. ಒಂದು ವಾರ ಬಿಸ್ಕತ್ತು ತೋರಿಸಿ ರಾಜ, ರಾಜ ಅಂದೆ. ಬಿಸ್ಕತ್ತು ತಿಂದ, ಹೆಸರು ಒಪ್ಪಲಿಲ್ಲ. ಕೊನೆಗೆ ಸೋತು ಮತ್ತೆ ಕಂತ್ರಿ ಅಂದೆ. 2004ರ ಮಳೆಗಾಲದಲ್ಲಿ ಒಂದು ದಿನ ಬರಲಿಲ್ಲ, ಆಮೇಲೆ ಬರಲೇ ಇಲ್ಲ. ಮರುವರ್ಷ ನಮ್ಮ ಇಲಾಖೆಯವರು ನಾಯಿಗಳ ಅಂಚೆಚೀಟಿ ತಂದರು. ಹಿಮಾಲಯದ ಕುರಿನಾಯಿ, ರಾಂಪುರ, ರಾಜಪಾಳಯಂ ಮತ್ತು ನಮ್ಮ ಮುಧೋಳ. ಮುಧೋಳದ ಚೀಟಿಯನ್ನು ಒಂದಷ್ಟು ದಿನ ಜೇಬಿನಲ್ಲಿ ಇಟ್ಟುಕೊಂಡು ತಿರುಗಿದೆ. ಕನ್ನಡ ನಾಡಿನ ನಾಯಿ ಚೀಟಿಯ ಮೇಲೆ ಬಂತಲ್ಲ ಅಂತ ಸಂತೋಷ. ಈಗ ಅದು ಸೈನ್ಯಕ್ಕೂ ಹೋಗಿದೆ, ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಅದಕ್ಕೇ ಅಂತ ಸಂಶೋಧನಾ ಕೇಂದ್ರವೂ ಇದೆ. ಆದರೆ ನನ್ನ ಬೀಟಿನವನಿಗೆ ಚೀಟಿ ಇಲ್ಲ, ನೋಡು. ಅಂಚೆಯವನ ಹಿಂದೆ ಏಳು ವರ್ಷ ತಿರುಗಿದ್ದು ಅವನು.

ಈಗ ಆ ಓನರ್ ಹೇಳಿದ ಇನ್ನೊಂದು ಶಬ್ದ. ಜಾತಿ ನಾಯಿ. ತಳಿಗೆ ನಾವು ಜಾತಿ ಅಂದೆವು. ಬೇರೆ ಶಬ್ದವೇ ಸಿಗಲಿಲ್ಲ ಅಂತಲ್ಲ, ಅದೇ ಬಾಯಿಗೆ ಬಂತು. ನೀನು ಮನೆ ಹುಡುಕುವಾಗ "ನಿಮ್ಮದು ಯಾವ ಜನ" ಅಂತ ಮೆಲ್ಲಗೆ ಕೇಳಿದ್ದರು ಅಂತ ಹೇಳಿದ್ದೆ. ಈಗ ನಾಯಿಯ ಸರದಿ. ಇಂಗ್ಲಿಷರೇನೂ ಇದರಲ್ಲಿ ನಮಗಿಂತ ಮೇಲಲ್ಲ. ಬೀದಿ ನಾಯಿಗೆ ಅವರು ಇಟ್ಟ ಇನ್ನೊಂದು ಹೆಸರು ಪರಯಾ ಡಾಗ್. ತಮಿಳುನಾಡಿನಲ್ಲಿ ಪರೈ ಬಾರಿಸುವ, ಊರಾಚೆ ಇಟ್ಟಿದ್ದ ಒಂದು ಜನದ ಹೆಸರನ್ನು ಎತ್ತಿ ನಾಯಿಗೆ ಕಟ್ಟಿದರು. ಆಮೇಲೆ ಆ ಹೆಸರು ಅವರ ಭಾಷೆಯಲ್ಲಿ ಎಲ್ಲರೂ ದೂರ ಇಟ್ಟವನಿಗೆಲ್ಲ ಸಲ್ಲುವ ಮಾತಾಯಿತು. ಕಂತ್ರಿ ಅನ್ನುವುದು ನಾಡಿಗೆ ಆದ ಅವಮಾನ, ಒರೆಸಿಕೊಳ್ಳಬಹುದು. ಇದು ಮನುಷ್ಯರಿಗೆ ಮಾಡಿದ್ದು. ನಾಯಿ ಸಾಕುವ ನಿನ್ನ ಸ್ನೇಹಿತರು ಯಾರಾದರೂ ಈ ಮಾತು ಆಡಿದರೆ ಅದು ಎಲ್ಲಿಂದ ಬಂತು ಅಂತ ಹೇಳು. ಜಗಳ ಬೇಡ, ಹೇಳಿ ಸುಮ್ಮನಾಗು.

ನೀನು ಇಂಥ ನಾಯಿಗೆ ಇಂಡೀ, ಅಂದರೆ ಇಂಡಿಯನ್ ನಾಯಿ, ಅಂತೀಯ. ಸರ್ಕಾರದವರು 2023ರ ನಿಯಮದಲ್ಲಿ ಬೀದಿ ನಾಯಿಗಳಿಗೆ ಸಮುದಾಯ ಪ್ರಾಣಿ ಅಂತ ಹೊಸ ಹೆಸರು ಇಟ್ಟಿದ್ದಾರೆ. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಸಮುದಾಯ ಅಂದ ಕೂಡಲೇ ನನಗೆ ಸಮುದಾಯ ಭವನ ಕಾಣುತ್ತೆ, ಬೀಗ ಹಾಕಿದ್ದು. ಯಾವ ಅಜ್ಜಿ ಬಾಗಿಲಲ್ಲಿ ನಿಂತು ರೊಟ್ಟಿ ಚೂರು ಹಿಡಿದು "ಬಾ ಸಮುದಾಯ ಪ್ರಾಣೀ" ಅಂದಾಳು?

ಕನ್ನಡದಲ್ಲಿ ನಾಯಿಗೆ ಶಬ್ದಗಳಿಗೇನು ಬರವೇ. ಶುನಕ ಬಂದು ಸೊಣಗ ಆಗಿದೆ. ಮರಿಗೆ ಕುನ್ನಿ. ನಿಮ್ಮಜ್ಜಿ ಜಗಳೂರಿನ ಕಡೆಯವಳು, ನಿನ್ನ ಮೇಲೆ ಮುದ್ದು ಉಕ್ಕಿದರೆ "ಎಲ್ಲಿಗೆ ಹೋಗಿದ್ಯೇ ಕುನ್ನಿ" ಅನ್ನುತ್ತಿದ್ದಳು. ಅದೇ ಶಬ್ದವನ್ನು ಪಕ್ಕದ ಹೊಲದವನಿಗೆ ಅಂದರೆ ಬಡಿಗೆ ಏಳುತ್ತಿತ್ತು. ಬರೀ ನಾಯಿ ಅಂತ ಮುಂದೆ ಸೇರಿಸಿದರೆ ಗಿಡಕ್ಕೂ ಮರ್ಯಾದೆ ಹೋಗುತ್ತೆ. ನಾಯಿಕೊಡೆ, ನಾಯಿಸಾಸಿವೆ. ಮಕ್ಕಳನ್ನು ಹಿಂಡುವ ಕೆಮ್ಮಿಗೆ ನಾಯಿಕೆಮ್ಮು. ಕಷ್ಟದ ಬದುಕಿಗೆ ನಾಯಿಪಾಡು. ಬಸವಣ್ಣನವರು ಒಂದು ವಚನದಲ್ಲಿ ಅಂದಣ ಏರಿಸಿದರೂ ಹಳೇ ಬುದ್ಧಿ ಬಿಡದ ಸೊಣಗನ ಮಾತು ತರುತ್ತಾರೆ. ಆದರೆ ಅದನ್ನು ಹೇಳಿಕೊಂಡಿದ್ದು ತಮ್ಮ ಮನಸ್ಸಿಗೆ. ನಾವು ಹೇಳುವುದು ಎದುರು ಮನೆಯವನಿಗೆ.

ಎಲ್ಲಾ ಕಾಲಕ್ಕೂ ಹೀಗೇ ಇರಲಿಲ್ಲ ಪುಟ್ಟೀ. ನೀನು ಕೆಲಸಕ್ಕೆ ಸೇರಿದ ವರ್ಷ ನನ್ನನ್ನು ಕಸ್ತೂರಬಾ ರಸ್ತೆಯ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗಿದ್ದೆ. ನೀನು ಆಫೀಸಿನ ಫೋನು ಹಿಡಿದು ಹೊರಗೆ ಓಡಾಡುತ್ತಿದ್ದೆ, ನಾನು ಒಂದು ಕಲ್ಲಿನ ಮುಂದೆ ನಿಂತಿದ್ದೆ. "ಅಪ್ಪಾ ಇನ್ನೂ ಇಲ್ಲೇ ಇದ್ದೀಯಾ" ಅಂತ ಬೈದೆ. ಅದು ಆತಕೂರಿನ ಶಾಸನ, ಕ್ರಿ.ಶ. 949–50ರದು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಊರು ಅದು. ಗಂಗರ ಬೂತುಗ ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಪರ ಹೋರಾಡಿ ಚೋಳರ ರಾಜಾದಿತ್ಯನನ್ನು ಕೊಂದ. ಆ ಯುದ್ಧದಲ್ಲಿ ಮಣಲೆರ ಅನ್ನೋ ಬೂತುಗನ ಬಂಟ ಚೆನ್ನಾಗಿ ಕಾದಿದ. ಏನು ಬೇಕು ಕೇಳು ಅಂದರೆ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಅನ್ನೋ ಬೇಟೆನಾಯಿಯನ್ನು ಕೇಳಿದ. ಆಮೇಲೆ ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿತ್ತು, ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಕಲ್ಲಿನ ಮೇಲೆ ನಾಯಿ ಹಂದಿ ಎರಡೂ ಕಚ್ಚಾಡುತ್ತಿವೆ, ಸುತ್ತ ಹಳಗನ್ನಡ. ಯುದ್ಧದ ಸುದ್ದಿಯೂ ನಾಯಿಯ ಸುದ್ದಿಯೂ ಒಂದೇ ಕಲ್ಲಿನಲ್ಲಿ. ಅಲ್ಲಿನ ಗೊರವ, ಅಂದರೆ ಶಿವನ ಪೂಜಾರಿ, ಆ ಕಲ್ಲಿಗೆ ಪೂಜೆ ಮಾಡದೆ ಉಣ್ಣಕೂಡದು ಅಂತಲೂ ಬರೆಸಿದ್ದಾರೆ. ಕಾಳಿಯ ಹೆಸರು ಸಾವಿರ ವರ್ಷ ದಾಟಿ ಉಳಿಯಿತು. ತಳಿ ಯಾವುದು ಅಂತ ಕಲ್ಲು ಕಡೆದವನಿಗೂ ಬೇಕಿರಲಿಲ್ಲ, ಕಡೆಸಿದವನಿಗೂ ಬೇಕಿರಲಿಲ್ಲ.

ಗೊರವ ಅಂದ ತಕ್ಷಣ ಮೈಲಾರ ನೆನಪಾಗುತ್ತೆ. ನಮ್ಮ ಹರಿಹರ ದಾಟಿದರೆ ದೂರವೇನಲ್ಲ. ಸಣ್ಣವನಿದ್ದಾಗ ಭರತ ಹುಣ್ಣಿಮೆ ಜಾತ್ರೆಗೆ ನಮ್ಮವ್ವ ಕರೆದುಕೊಂಡು ಹೋಗಿದ್ದಳು. ಕರಿ ಕಂಬಳಿ, ಕೂದಲ ಟೊಪ್ಪಿಗೆ, ಕೈಯಲ್ಲಿ ಡಮರುಗ ಹಿಡಿದ ಗೊರವಯ್ಯಗಳು "ಏಳುಕೋಟಿ ಏಳುಕೋಟಿ" ಅಂತ ಕೂಗುತ್ತಾ, ದೋಣಿ ಅನ್ನೋ ಪಾತ್ರೆಯಲ್ಲಿ ಹಾಲು ಬಾಳೆಹಣ್ಣು ಹಾಕಿಟ್ಟು, ನಾಯಿಗಳ ಹಾಗೆ ಬೊಗಳುತ್ತಾ ಬಾಯಿ ಹಾಕಿ ತಿನ್ನುತ್ತಿದ್ದರು. ನಾನು ಹೆದರಿ ಅವ್ವನ ಸೆರಗು ಹಿಡಿದೆ. "ಹೆದರಬ್ಯಾಡ, ಅವರು ಮೈಲಾರಲಿಂಗನ ನಾಯಿಗಳು" ಅಂದು ಅವ್ವ ಕೈಮುಗಿದಳು. ನಾಯಿ ಆಗುವುದೂ ಒಂದು ಸೇವೆ ಅನ್ನುವ ಜನ ನಾವು. ಅದೇ ಜನ ವಾಪಸ್ ಬರುವಾಗ ಬಸ್‌ಸ್ಟ್ಯಾಂಡಿನ ನಾಯಿಗೆ ಕಲ್ಲು ಹೊಡೆದೆವು. ನಾನೂ ಹೊಡೆದೆ.

ಹಾಗಂತ ಬೀದಿ ನಾಯಿಯ ಕಾಟ ಸುಳ್ಳು ಅಂತ ನಾನು ಹೇಳುವುದಿಲ್ಲ. ಅಂಚೆಯವನ ಹತ್ತಿರ ಆ ವೇದಾಂತ ನಡೆಯಲ್ಲ. ರಾತ್ರಿ ಎರಡನೇ ಆಟ ಮುಗಿಸಿ ಬರುವವರನ್ನು ಹಿಂಡುಗಟ್ಟಿ ಅಟ್ಟಿಸಿಕೊಂಡು ಬರುವುದನ್ನು ನೋಡಿದ್ದೇನೆ, ಮಕ್ಕಳಿಗೆ ಕಚ್ಚಿದ್ದನ್ನೂ ನೋಡಿದ್ದೇನೆ. ಹೆರುವುದಕ್ಕೆ ಕಡಿವಾಣ ಹಾಕಬೇಕು, ಚುಚ್ಚುಮದ್ದು ಹಾಕಬೇಕು. ಬೀದಿಯಲ್ಲಿ ಕೋಳಿ ಅಂಗಡಿಯ ಕಸ ಸುರಿದು ಆಮೇಲೆ ನಾಯಿ ಹೆಚ್ಚಾದವು ಅಂತ ಗೋಳಾಡಬಾರದು. ಆದರೆ ನನಗೆ ಕಚ್ಚಿದ್ದು ಬೀದಿಯದಲ್ಲ. 1991ರಲ್ಲಿ, ದೊಡ್ಡ ಗೇಟಿನ ಮನೆ, "ನಾಯಿ ಇದೆ ಎಚ್ಚರಿಕೆ" ಅಂತ ಬೋರ್ಡು, ಒಳಗಿಂದ ಬಂದದ್ದು ಹಾಲಿನ ಬಣ್ಣದ ಪಮೇರಿಯನ್. ಕಣಕಾಲು ಹಿಡಿಯಿತು. ಆ ಬೋರ್ಡನ್ನು ಯಾರೂ ಕಂತ್ರಿ ನಾಯಿಗೆ ಹಾಕಿದ್ದು ನೋಡಿಲ್ಲ, ಗಮನಿಸು. ಆಗಿನ ಲಸಿಕೆ ಕುರಿಯ ಮಿದುಳಿನಿಂದ ಮಾಡುತ್ತಿದ್ದದ್ದು, ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ. ಹದಿನಾಲ್ಕನೇ ದಿನ ಹೊಟ್ಟೆ ಒತ್ತಿದರೆ ಹಲಗೆ ಹಾಗಿತ್ತು. ಈಗ ಆ ಲಸಿಕೆ ಇಲ್ಲ, ತೋಳಿಗೆ ಕೆಲವೇ ಸೂಜಿ.

ಅದಕ್ಕೇ ಹೇಳುತ್ತೇನೆ, ಬೆಲ್ಲಕ್ಕೆ ಮೂರು ತಿಂಗಳಾದ ಕೂಡಲೇ ರೇಬೀಸ್ ಸೂಜಿ ಹಾಕಿಸು, ಡಾಕ್ಟರು ಹೇಳಿದ ದಿನ ತಪ್ಪಿಸಬೇಡ, ಆಮೇಲೆ ಪ್ರತಿ ವರ್ಷ. ಆಟಕ್ಕೆ ಹಲ್ಲು ತಾಗಿ ರಕ್ತ ಬಂದರೂ ಅರಿಶಿನ ಪುಡಿ, ಸುಣ್ಣ ಅಂತ ಹಚ್ಚಿಕೊಂಡು ಕೂರಬೇಡ. ಸೋಪು ಹಾಕಿ ನಲ್ಲಿ ನೀರಿನ ಕೆಳಗೆ ಹದಿನೈದು ನಿಮಿಷ ಗಡಿಯಾರ ನೋಡಿ ತೊಳೆದು, ನೇರ ಆಸ್ಪತ್ರೆಗೆ ಹೋಗು. ನಮ್ಮ ಊರಿನವರು ಇದರಲ್ಲಿ ಸೋಮಾರಿಗಳು, ನೀನು ಹಾಗಾಗಬೇಡ.

ಸೂಜಿ ಹಾಕಿಸಿದ ಚೀಟಿಯಲ್ಲಿ ತಳಿ ಅಂತ ಒಂದು ಕಾಲಂ ಇದೆ, ಏನು ಬರೆಯಲಿ ಅಂತಲೂ ಕೇಳಿದ್ದೆ. ಇಂಡೀ ಅಂತ ಬರೆದರೆ ತಪ್ಪೇನಿಲ್ಲ, ಡಾಕ್ಟರಿಗೆ ಅರ್ಥವಾಗುತ್ತೆ. ನಮ್ಮ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂದರೆ ಹಿಗ್ಗುವವರು ನಾವು, ಇಂಗ್ಲಿಷ್ ಹೆಸರಿನ ಮೇಲೆ ನನಗೇನೂ ಹಗೆಯಿಲ್ಲ. ನಾನಾಗಿದ್ದರೆ ನಾಡ ನಾಯಿ ಅಂತ ಕನ್ನಡದಲ್ಲಿ ಬರೆಯುತ್ತಿದ್ದೆ. ಡಾಕ್ಟರು ಏನಿದು ಅಂತ ಕೇಳುತ್ತಾರೆ. ಆಗ ಸಾವಕಾಶವಾಗಿ ಹೇಳು. ಓನರಿಗೆ ಹೇಳಬೇಡ, ಅವರಿಗೆ ಚೀಟಿ ತೋರಿಸಿದರೆ ಸಾಕು. ಯಾವುದೋ ಹೊಸ ತಳಿ ಇರಬೇಕು ಅಂದುಕೊಂಡು ಒಪ್ಪಿದರೂ ಒಪ್ಪಬಹುದು. ಒಪ್ಪದಿದ್ದರೆ ಬೇರೆ ಮನೆ ನೋಡೋಣ, ಅಡ್ವಾನ್ಸಿಗೆ ನನ್ನ ಪಿಂಚಣಿ ಇದೆ.

ಮುಂದಿನ ವಾರ ಬೆಳಗಿನ ರೈಲಿಗೆ ಬರುತ್ತೇನೆ. ನಿಮ್ಮಮ್ಮ ಎರಡು ಸೇರು ಮಂಡಕ್ಕಿ, ಖಾರದ ಪುಡಿ ಕಟ್ಟಿಟ್ಟಿದ್ದಾಳೆ. ಬೆಲ್ಲಕ್ಕೆ ಏನು ತರಲಿ ಅಂತ ಕೇಳಿದ್ದಕ್ಕೆ "ಬರೀ ಮಂಡಕ್ಕಿ ಹಾಕ್ರಿ, ಖಾರ ಹಚ್ಚಬ್ಯಾಡ್ರಿ" ಅಂದಳು. ನಾಯಿ ಅಂದರೆ ಆಗದು ಅನ್ನುವವಳು ನಿನ್ನೆ ರಾತ್ರಿ ನನ್ನ ಫೋನಿನಲ್ಲಿ ಅದರ ಫೋಟೊ ದೊಡ್ಡದು ಮಾಡಿ ನೋಡುತ್ತಿದ್ದಳು, ನಾನು ನೋಡಿದೆ ಅಂತ ಗೊತ್ತಿಲ್ಲ ಅವಳಿಗೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಏಳು ವರ್ಷ ಕರೆದ ನಾಲಿಗೆ, ಮಡಿಚಿದ ಕಿವಿ ಕಂಡರೆ ಬಾಯಿ ತಪ್ಪಿ ಕಂತ್ರಿ ಅಂದುಬಿಡಬಹುದು. ನೀನು ಬೇಜಾರಾಗಬೇಡ. ಅದು ಬಾಲ ಅಲ್ಲಾಡಿಸುತ್ತೋ ಇಲ್ಲವೋ ನೋಡೋಣ.

ನಿನ್ನ
ಅಪ್ಪ